ಇಲ್ಲಣಕ್ಕೂ ಕಣ್ಣಿದೆ

ನಲವತ್ತೊಂದನೇ ವಯಸ್ಸಿನಲ್ಲಿ ಕಾರ್ಟೂನ್ ನೋಡಿ ಅತ್ತುಬಿಟ್ಟೆ ಅಂದರೆ ಸೊರಬದಲ್ಲಿ ನನ್ನ ಜೊತೆ ಓದಿದವರು ನಗುತ್ತಾರೆ. ನಗಲಿ. ಯೊಕೊಹಾಮಾಕ್ಕೆ ಬಂದು ಎಂಟು ವರ್ಷವಾದರೂ ಇಲ್ಲಿನ ಅನಿಮೇಷನ್ ಸಿನಿಮಾಗಳ ತಂಟೆಗೆ ನಾನು ಹೋಗಿರಲಿಲ್ಲ. ಕಾರ್ಟೂನ್ ಅಂದರೆ ಮಗುವಿನ ಬಾಯಿಗೆ ತುತ್ತು ತುರುಕುವಾಗ ಹಚ್ಚಿಡುವ ವಸ್ತು ಅಂತಲೇ ನಮ್ಮ ಮನೆಯ ಲೆಕ್ಕ. ಕೊನೆಗೆ ಮಗಳೇ ದಾರಿ ತೋರಿಸಿದಳು. ಶಿಶುವಿಹಾರದಿಂದ ಒಂದು ಹಾಡು ಗುನುಗುತ್ತ ಬಂದಳು, ಇಲ್ಲಿನ ಮಕ್ಕಳಿಗೆಲ್ಲ ಬಾಯಿಪಾಠವಾಗಿರುವ ಹಾಡು. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಆ ಹಾಡಿನ ಸಿನಿಮಾ ಟೀವಿಯಲ್ಲಿ ಬಂತು. ಹಯಾವೊ ಮಿಯಾಝಾಕಿ 1988ರಲ್ಲಿ ಮಾಡಿದ ‘ತೊನಾರಿ ನೊ ತೊತೊರೊ’, ಅಂದರೆ ಪಕ್ಕದ ಮನೆಯ ತೊತೊರೊ. ಮಗಳು ಅರ್ಧಕ್ಕೇ ನಿದ್ದೆ ಹೋದಳು. ನಾನು ಪೂರ್ತಿ ನೋಡಿದೆ.

ಕಥೆ ಅಂತ ಹೇಳಲು ಹೆಚ್ಚೇನಿಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ಅಪ್ಪ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಹಳ್ಳಿಯ ಹಳೇ ಮನೆಗೆ ಬರುತ್ತಾನೆ. ವಿಲನ್ ಇಲ್ಲ, ಹೊಡೆದಾಟ ಇಲ್ಲ. ಮುಚ್ಚಿದ ಮನೆಯ ಬಾಗಿಲು ತೆಗೆದರೆ ಕತ್ತಲ ಮೂಲೆಯಿಂದ ಮಸಿಯ ಉಂಡೆಗಳು ಸರಸರ ಓಡುತ್ತವೆ, ಪ್ರತಿಯೊಂದಕ್ಕೂ ಎರಡು ಕಣ್ಣು. ನನಗೆ ತಕ್ಷಣ ನೆನಪಾದದ್ದು ನಮ್ಮ ಅಡುಗೆಮನೆಯ ಅಟ್ಟದಲ್ಲಿ ಜೋತಾಡುತ್ತಿದ್ದ ಇಲ್ಲಣ. ಹಬ್ಬದ ಹಿಂದಿನ ದಿನ ಅಜ್ಜಿ ಉದ್ದ ಕೋಲಿಗೆ ಪೊರಕೆ ಕಟ್ಟಿ ಅದನ್ನು ಹೊಡೆಯುತ್ತಿದ್ದಳು. ಇಲ್ಲಣಕ್ಕೂ ಕಣ್ಣಿರಬಹುದು ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ.

ಸಣ್ಣವಳು ಮೇಯ್, ನಾಲ್ಕು ವರ್ಷದವಳು. ಒಂದು ದಿನ ತೊತೊರೊನನ್ನು, ಅಂದರೆ ಕಾಡಿನಲ್ಲಿರುವ ಮೈತುಂಬ ರೋಮದ ದೊಡ್ಡ ಜೀವಿಯನ್ನು, ನೋಡಿ ಬರುತ್ತಾಳೆ. ಯಾರೂ ನಂಬುವುದಿಲ್ಲವೆಂದು ಅವಳಿಗೆ ಸಿಟ್ಟು. ಅಪ್ಪ ಮಾತ್ರ ನಗುವುದಿಲ್ಲ, ಸುಳ್ಳು ಹೇಳಬೇಡ ಅನ್ನುವುದೂ ಇಲ್ಲ. ನೀನು ಕಂಡದ್ದು ಈ ಕಾಡಿನ ಒಡೆಯನನ್ನೇ ಇರಬೇಕು, ಅವನು ಬೇಕೆಂದಾಗಲೆಲ್ಲ ಸಿಗುವವನಲ್ಲ, ಬಾ, ಹೋಗಿ ನಮಸ್ಕಾರ ಹೇಳಿ ಬರೋಣ ಅನ್ನುತ್ತಾನೆ. ಮೂವರೂ ಹೋಗಿ ದೊಡ್ಡ ಮರದ ಮುಂದೆ ನೆಟ್ಟಗೆ ನಿಂತು ತಲೆಬಾಗುತ್ತಾರೆ. ಮರಕ್ಕೆ ದೇವರ ಹಗ್ಗ ಕಟ್ಟಿದೆ. ಅದು ಕರ್ಪೂರದ ಮರ. ಆರತಿ ತಟ್ಟೆಯ ಬಿಳಿ ಬಿಲ್ಲೆಯನ್ನು ಬಿಟ್ಟರೆ ಕರ್ಪೂರದ ಬಗ್ಗೆ ಏನೂ ಗೊತ್ತಿರದ ನನಗೆ ಅದಕ್ಕೊಂದು ಮರ ಇದೆ ಅಂತ ತಿಳಿದದ್ದೇ ಜಪಾನಿಗೆ ಬಂದ ಮೇಲೆ.

ಇಲ್ಲಿಗೆ ನನ್ನ ತಕರಾರು ಶುರುವಾಗುತ್ತದೆ. ಮರದಲ್ಲಿ ಯಾರೋ ಇದ್ದಾರೆ ಅನ್ನುವುದು ನಮಗೇನು ಹೊಸದೆ? ನಮ್ಮ ಕಡೆ ಊರಿಗೊಂದು ಚೌಡಿಬನ. ಅಲ್ಲಿ ಕೊಡಲಿ ಹಾಕಲು ಎಂಥವನಿಗೂ ಧೈರ್ಯ ಸಾಲದು. ಆದರೆ ಮಕ್ಕಳ ವಿಷಯಕ್ಕೆ ಬಂದರೆ ಚೌಡಿಯನ್ನು ನಾವು ಬಳಸಿದ್ದು ಹೆದರಿಸಲಿಕ್ಕೆ ಮಾತ್ರ. ಆ ಕಡೆ ಹೋಗಬೇಡ, ಚೌಡಿ ಹಿಡೀತಾಳೆ. ಊಟ ಮಾಡು, ಗುಮ್ಮ ಬರ್ತಾನೆ. ಬಾ, ಪರಿಚಯ ಮಾಡಿಕೊಂಡು ಬರೋಣ ಅಂತ ಕೈಹಿಡಿದು ಕರೆದುಕೊಂಡು ಹೋದವರು ಒಬ್ಬರೂ ಇರಲಿಲ್ಲ. (ಜಪಾನಿನ ಅಪ್ಪಂದಿರೆಲ್ಲ ಹೀಗೇ ಅಂದುಕೊಳ್ಳಬೇಡಿ. ನನ್ನ ಆಫೀಸಿನ ಅಪ್ಪಂದಿರು ಮನೆ ಸೇರುವಾಗ ಮಕ್ಕಳು ಮಲಗಿರುತ್ತಾರೆ.)

ಮಳೆಯಲ್ಲಿ ಬಸ್ ಸ್ಟಾಪಿನ ದೃಶ್ಯವನ್ನು ಮಲೆನಾಡಿನವರು ಯಾರಾದರೂ ನೋಡಲೇಬೇಕು. ಅಕ್ಕ ಸತ್ಸುಕಿ ನಿದ್ದೆಗಣ್ಣಿನ ತಂಗಿಯನ್ನು ಬೆನ್ನಿಗೆ ಹಾಕಿಕೊಂಡು ಅಪ್ಪನಿಗಾಗಿ ಕಾಯುತ್ತಿದ್ದಾಳೆ. ಪಕ್ಕಕ್ಕೆ ತೊತೊರೊ ಬಂದು ನಿಲ್ಲುತ್ತಾನೆ, ತಲೆ ಮೇಲೊಂದು ಎಲೆ, ಗೊರಬು ಮರೆತು ಗದ್ದೆಗೆ ಹೊರಟವರ ಹಾಗೆ. ಅವಳು ಅಪ್ಪನ ಕೊಡೆ ಕೊಡುತ್ತಾಳೆ. ಕೊಡೆಯ ಮೇಲೆ ಹನಿ ಬಿದ್ದ ಸದ್ದಿಗೆ ಅವನಿಗೆ ಮೈಯೆಲ್ಲ ಪುಳಕ. ಎಷ್ಟೋ ಹೊತ್ತು ಏನೂ ನಡೆಯುವುದಿಲ್ಲ, ಮಳೆ ಬೀಳುತ್ತದೆ ಅಷ್ಟೆ. 2002ರಲ್ಲಿ ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಜೊತೆ ಮಾತಾಡುವಾಗ ಮಿಯಾಝಾಕಿ ಚಪ್ಪಾಳೆ ತಟ್ಟಿ ತೋರಿಸಿ, ಎರಡು ಚಪ್ಪಾಳೆಯ ನಡುವಿನ ಹೊತ್ತೇ ‘ಮಾ’ ಅಂದಿದ್ದರು. ತಾಳ ಹಾಕಿ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಪೆಟ್ಟಿನಷ್ಟೇ ಹುಸಿಯೂ, ಅಂದರೆ ಸದ್ದಿಲ್ಲದ ಎಣಿಕೆಯೂ, ಲೆಕ್ಕಕ್ಕೆ ಸೇರುತ್ತದೆ. ನಮ್ಮ ಸಿನಿಮಾದವರು ಮಾತ್ರ ಹುಸಿ ಸಿಕ್ಕಲ್ಲೆಲ್ಲ ಪಿಟೀಲು ತುಂಬುತ್ತಾರೆ.

ಆಮೇಲೆ ಚಟ ಹತ್ತಿತು. ಇಸಾವೊ ತಕಾಹತಾ 1991ರಲ್ಲಿ ಮಾಡಿದ ‘ಒಮೊಯಿದೆ ಪೊರೊ ಪೊರೊ’ ಅನ್ನುವ ಸಿನಿಮಾದಲ್ಲಿ ಅನಾನಸ್ಸಿನ ಪ್ರಸಂಗ ಒಂದಿದೆ. 1966ರ ಟೋಕಿಯೊ. ಮನೆಗೆ ಮೊದಲ ಸಲ ಇಡೀ ಅನಾನಸ್ ಬಂದಿದೆ, ಕೊಯ್ಯುವುದು ಹೇಗೆಂದು ಯಾರಿಗೂ ಗೊತ್ತಿಲ್ಲ. ಕೊನೆಗೆ ಅಕ್ಕ ಕೇಳಿಕೊಂಡು ಬಂದು ಕೊಯ್ದರೆ ಹಣ್ಣು ಗಟ್ಟಿ, ಸಿಹಿಯಿಲ್ಲ. ಎಲ್ಲರೂ ಬದಿಗಿಟ್ಟರೂ ಹತ್ತು ವರ್ಷದ ಹುಡುಗಿ ಹಟಕ್ಕೆ ಬಿದ್ದು ತಿನ್ನುತ್ತಲೇ ಇರುತ್ತಾಳೆ. ಬನವಾಸಿಯ ಅನಾನಸ್ ಗದ್ದೆಗಳ ಪಕ್ಕದಲ್ಲಿ ಬೆಳೆದ ನಾನು ಬಿದ್ದು ಬಿದ್ದು ನಕ್ಕೆ. ನಗು ನಿಲ್ಲುವ ಹೊತ್ತಿಗೆ ಆ ಹುಡುಗಿಯ ಮುಖ ನೋಡಿ ಸುಮ್ಮನಾದೆ.

ಅತ್ತದ್ದು ಯಾಕೆ ಅಂತ ಹೇಳಿಯೇ ಬಿಡುತ್ತೇನೆ. ಅಮ್ಮ ಮನೆಗೆ ಬರುವುದು ತಡವಾಗುತ್ತದೆ ಅಂತ ಸುದ್ದಿ ಬಂದಾಗ, ಅಲ್ಲಿಯವರೆಗೆ ಎಲ್ಲರಿಗೂ ಡಬ್ಬಿ ಕಟ್ಟುತ್ತ ಗಟ್ಟಿಯಾಗಿದ್ದ ಸತ್ಸುಕಿ, ಅಮ್ಮ ಸತ್ತು ಹೋದರೆ ಏನು ಮಾಡಲಿ ಅಂತ ಪಕ್ಕದ ಅಜ್ಜಿಯ ಮುಂದೆ ಗೊಳೋ ಅನ್ನುತ್ತಾಳೆ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ನಮ್ಮಮ್ಮ ಶಿವಮೊಗ್ಗದ ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳಿದ್ದಳು. ನನಗೆ ಹೇಳಿದ್ದು, ತವರಿಗೆ ಹೋಗಿದ್ದಾಳೆ ಅಂತ. ದೊಡ್ಡವರ ಪಿಸುಮಾತಿನಿಂದ ನನಗೆ ಎಲ್ಲ ಗೊತ್ತಾಗಿತ್ತು. ಆದರೆ ಆ ಒಂದು ಪ್ರಶ್ನೆಯನ್ನು ಕೇಳಲು ಯಾರ ಮುಂದೂ ಬಾಯಿ ಬರಲಿಲ್ಲ. ಇಲ್ಲಿ ಮಕ್ಕಳ ಸಿನಿಮಾದಲ್ಲೇ ಒಂದು ಮಗು ಅದನ್ನು ಜೋರಾಗಿ ಕೇಳಿಬಿಟ್ಟಿತು.

ಹೋದ ಭಾನುವಾರ ಫೋನಿನಲ್ಲಿ ಅಮ್ಮನನ್ನೇ ಕೇಳಿದೆ, ಯಾಕೆ ಹೇಳಲಿಲ್ಲ ಅಂತ. ‘ಹೇಳಿದ್ರೆ ನಾನೂ ಬರ್ತೀನಿ ಅಂತ ರಸ್ತೆಗೆ ಓಡ್ತಿದ್ದೆ. ನಿನ್ನನ್ನ ಹುಡುಕೋರು ಯಾರು?’ ಅಂದಳು. ನನಗೆ ಮಾತು ಹೊರಡಲಿಲ್ಲ. ಮೇಯ್ ಮಾಡಿದ್ದೂ ಅದನ್ನೇ. ಅಮ್ಮನಿಗೆ ಕೊಡಬೇಕೆಂದು ಒಂದು ಜೋಳದ ತೆನೆ ಅವಚಿಕೊಂಡು ಆಸ್ಪತ್ರೆಗೆ ಒಬ್ಬಳೇ ಹೊರಟು ಕಳೆದುಹೋಗುತ್ತಾಳೆ. ಕಥೆ ಹೇಳಿದೆ.

‘ಸಿಕ್ತಾ ಮಗು?’ ಅಮ್ಮನಿಗೆ ಆತಂಕ.

ಸಿಕ್ತು, ಬೆಕ್ಕಿನ ಬಸ್ಸು ಬಂದು ಕರ್ಕೊಂಡು ಹೋಯ್ತು ಅಂದೆ. ಅಮ್ಮ ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ, ‘ಟಿಕೀಟು ಎಷ್ಟಂತೆ?’ ಅಂದಳು.