ಬಾವಲಿಗೆ ಗೂಡಿಲ್ಲ, ಗವಿಯಿದೆ

ನಮ್ಮ ಸೊಪ್ಪಿನ ಬೆಟ್ಟದ ಮೇಲೆ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ಒಂದು ಗವಿ ಇದೆ. ಶಿರಸಿಯಿಂದ ಅಷ್ಟೇನೂ ದೂರವಿಲ್ಲ. ಊರಿನ ಹೆಸರು ಬೇಕೆಂದೇ ಬರೆಯುತ್ತಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ. ದೊಡ್ಡ ಗವಿಯಲ್ಲ. ಬಗ್ಗಿ ಒಳಗೆ ಹೋದರೆ ಇಪ್ಪತ್ತು ಹೆಜ್ಜೆ, ಆಮೇಲೆ ಕತ್ತಲು. ನಾನು ಸಣ್ಣವನಿದ್ದಾಗ ಮುಸ್ಸಂಜೆ ಹೊತ್ತಿಗೆ ಅಲ್ಲಿಂದ ಬಾವಲಿಗಳು ಹೊಗೆ ಎದ್ದ ಹಾಗೆ ಹೊರಗೆ ಬರುತ್ತಿದ್ದವು. ಅಜ್ಜ ನಮ್ಮನ್ನು ದೂರದಲ್ಲೇ ನಿಲ್ಲಿಸುತ್ತಿದ್ದರು. ಒಳಗೆ ಹೋಗಲು ಬಿಟ್ಟವರೇ ಅಲ್ಲ.

ಕಳೆದ ಬೇಸಿಗೆಯಲ್ಲಿ ಯಾರೋ ನಾಲ್ಕು ಹುಡುಗರು ಬಂದರು. ಒಬ್ಬ ಪಟಾಕಿ ಹಚ್ಚಿ ಒಳಗೆ ಎಸೆದ, ಇನ್ನೊಬ್ಬ ವಿಡಿಯೋ ಮಾಡಿದ. ಮಾರನೇ ದಿನ ನಾನು ಹೋಗಿ ನೋಡಿದೆ. ನೆಲದ ಮೇಲೆ ಏಳು ಮರಿಗಳು ಬಿದ್ದಿದ್ದವು. ಇನ್ನೂ ಕೂದಲು ಕೂಡ ಸರಿಯಾಗಿ ಬಂದಿರಲಿಲ್ಲ. ತಾಯಿ ಬಾವಲಿ ಒಮ್ಮೆಗೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಗಾಬರಿಯಿಂದ ಹಾರಿದಾಗ ಅಪ್ಪಿಕೊಂಡ ಮರಿ ಜಾರಿ ಬೀಳುತ್ತದೆ. ಏಳು ಮರಿ ಅಂದರೆ ಏಳು ತಾಯಂದಿರು ಹೊತ್ತು ಹೆತ್ತಿದ್ದೆಲ್ಲ ಮಣ್ಣುಪಾಲಾಯಿತು ಅಂತ ಅರ್ಥ.

ದೂರು ಕೊಡಲು ಒಂದು ಕಚೇರಿಗೆ ಹೋದೆ. ಅಲ್ಲಿದ್ದವರು ಒರಟಾಗಿ ಮಾತಾಡಲಿಲ್ಲ. "ಯಾರಾದರೂ ಬಾವಲಿ ಹಿಡಿದರಾ? ಕೊಂದು ತಗೊಂಡು ಹೋದರಾ?" ಎಂದು ಕೇಳಿದರು. ಇಲ್ಲ ಎಂದೆ. "ಮತ್ತೆ ಯಾವ ಸೆಕ್ಷನ್ ಹಾಕೋದು?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನೇ ಓದಲು ಕೂತೆ.

ಬೇಟೆ ಅಂದರೇನು ಅಂತ ಅದರಲ್ಲಿ ವಿವರವಾಗಿದೆ. ಕೊಲ್ಲುವುದು, ವಿಷ ಹಾಕುವುದು, ಬಲೆ ಒಡ್ಡುವುದು, ಅಟ್ಟುವುದು ಎಲ್ಲ ಬೇಟೆಯೇ. ಅದೂ ಕಾಯ್ದೆಯ ರಕ್ಷಣಾ ಪಟ್ಟಿಯಲ್ಲಿರುವ ಪ್ರಾಣಿಯಾದರೆ ಮಾತ್ರ. ಹಕ್ಕಿ ಮತ್ತು ಸರೀಸೃಪಗಳಿಗೆ ಇನ್ನೊಂದು ಮಾತು ಸೇರಿಸಿದ್ದಾರೆ, ಅವುಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಟ್ಟರೂ ಬೇಟೆಯೇ. ಆ ಸಾಲನ್ನು ಮೂರು ಸಲ ಓದಿದೆ. ಬಾವಲಿ ಹಕ್ಕಿಯಲ್ಲ. ಮೊಟ್ಟೆ ಇಡುವುದಿಲ್ಲ, ಗೂಡು ಕಟ್ಟುವುದಿಲ್ಲ. ಕಲ್ಲಿಗೆ ಕಾಲು ಸಿಕ್ಕಿಸಿ ತಲೆಕೆಳಗಾಗಿ ನೇತಾಡುತ್ತದೆ, ಅಷ್ಟೇ. ಅದಕ್ಕೆ ಇಡೀ ಗವಿಯೇ ಗೂಡು. ಆ ಗೂಡಿನ ಮಾತು ಕಾಯ್ದೆಯಲ್ಲಿ ಇಲ್ಲ.

ನಮ್ಮ ಕಾನೂನಿನಲ್ಲಿ ಗವಿ ಎಂಬ ಪದವೇ ಇಲ್ಲ ಅಂತಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ ಇದೆ. ಆದರೆ ಅದು ಇತಿಹಾಸ, ಪುರಾತತ್ವ ಅಥವಾ ಕಲೆಯ ದೃಷ್ಟಿಯಿಂದ ಬೆಲೆಯಿರುವ, ನೂರು ವರ್ಷಕ್ಕೆ ಕಡಿಮೆಯಿಲ್ಲದ ಗವಿಗೆ. ಅಂದರೆ ಮನುಷ್ಯನ ಗುರುತು ಇದ್ದರೆ ರಕ್ಷಣೆ. ಸಾವಿರಾರು ವರ್ಷದಿಂದ ಬಾವಲಿ ಇದ್ದ ಗವಿ ಆ ಲೆಕ್ಕಕ್ಕೆ ಬರುವುದಿಲ್ಲ. ಇದು ನನಗೆ ತುಂಬಾ ನೋವು ಕೊಟ್ಟ ವಿಷಯ.

ಅಭಯಾರಣ್ಯದ ಒಳಗಿದ್ದರೆ ಗವಿಗೂ ಕಾವಲು ಸಿಗುತ್ತದೆ. ದಾಂಡೇಲಿ ಕಡೆಯ ಕವಳಾ ಗುಹೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿದೆ, ಅದರ ಪುಣ್ಯ. ಅಲ್ಲಿನ ಸುಣ್ಣಕಲ್ಲಿನ ಲಿಂಗ ತೊಟ್ಟು ತೊಟ್ಟು ನೀರಿನಿಂದ ಬೆಳೆದದ್ದು. ಅಂಥ ಕಲ್ಲನ್ನು ಕೈಯಲ್ಲಿ ಮುಟ್ಟುತ್ತಾ ಹೋದರೆ ಚರ್ಮದ ಜಿಡ್ಡು ಅಂಟಿ ಬೆಳವಣಿಗೆಯೇ ನಿಲ್ಲಬಹುದು. ಉಳಿದ ಕಡೆ, ನಮ್ಮ ಬೆಟ್ಟ, ಕಾನು, ಕುಮಟಾ ಹೊನ್ನಾವರ ಕಡೆಯ ಚಿರೆಕಲ್ಲಿನ ಗುಡ್ಡಗಳಲ್ಲಿ ಗವಿ ಕಂಡರೆ ಯಾರು ಕೇಳುತ್ತಾರೆ? ಚಿರೆಕಲ್ಲು ಕೊರೆಯುವ ಯಂತ್ರ ಬಂದರೆ ಅದು ಒಂದು ದಿನದ ಕೆಲಸ.

ಬ್ರಿಟನ್ನಿನಲ್ಲಿ 1981ರ ಕಾಯ್ದೆ ಬಾವಲಿ ತಂಗುವ ಜಾಗವನ್ನೇ ಕಾಪಾಡುತ್ತದೆ. ಆ ಹೊತ್ತಿಗೆ ಬಾವಲಿ ಅಲ್ಲಿ ಇಲ್ಲದಿದ್ದರೂ ಸರಿ. ಅಮೆರಿಕ 1988ರಲ್ಲಿ ಗವಿಗಳಿಗೆಂದೇ ಕಾನೂನು ಮಾಡಿತು. ಸರ್ಕಾರಿ ಜಾಗದ ಮಹತ್ವದ ಗವಿ ಎಲ್ಲಿದೆ ಎಂಬುದನ್ನೂ ಅದು ಗುಟ್ಟಾಗಿ ಇಡುತ್ತದೆ. ನಾನು ಊರಿನ ಹೆಸರು ಬರೆಯದಿರುವುದೂ ಇದಕ್ಕೇ. ಲೊಕೇಶನ್ ಹಾಕಿದ ಮರುದಿನ ಬೈಕು ಬರುತ್ತವೆ.

ಒಂದು ಗವಿ ಹೋದರೆ ಏನಾಯಿತು ಎನ್ನುವವರು ಕೋಲಾರದ ಹನುಮನಹಳ್ಳಿಯನ್ನು ನೋಡಬೇಕು. ಅಲ್ಲಿನ ಒಂದು ಜಾತಿಯ ಎಲೆಮೂಗಿನ ಬಾವಲಿ ಇಂದು ಜಗತ್ತಿನಲ್ಲಿ ಉಳಿದಿರುವುದು ಆ ಒಂದೇ ಗವಿಯಲ್ಲಿ. ವಿಜ್ಞಾನಿಗಳು ಅದನ್ನು ಹೊಸ ಜಾತಿ ಎಂದು ಗುರುತಿಸಿದ್ದು 1994ರಲ್ಲಿ. ಸುತ್ತ ಗ್ರಾನೈಟ್ ಕಲ್ಲು ತೆಗೆಯುತ್ತಿದ್ದರು. ಇನ್ನು ನಮ್ಮ ಪಕ್ಕದ ಖಾನಾಪುರದ ಕಾಡು. ಅಲ್ಲಿನ ಬಾರಾಪೆಡೆ ಗುಹೆಯ ರಾಟನ್ ಬಾವಲಿ 1913ರಲ್ಲಿ ಜಗತ್ತಿಗೆ ಪರಿಚಯವಾಯಿತು. ಎಷ್ಟೋ ವರ್ಷ ಅದು ಇನ್ನೆಲ್ಲೂ ಕಾಣಲೇ ಇಲ್ಲ. ಈಗ ಅದಕ್ಕೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ, ಅಂದರೆ ಅತಿ ಹೆಚ್ಚಿನ, ರಕ್ಷಣೆ ಇದೆ. ಅದೇ ಕಾಯ್ದೆಯಲ್ಲಿ ಹಣ್ಣು ತಿನ್ನುವ ಬಾವಲಿಗಳು ಇಲಿ, ಕಾಗೆಗಳ ಜೊತೆ ಪೀಡೆ ಪ್ರಾಣಿಗಳ ಪಟ್ಟಿಯಲ್ಲಿದ್ದವು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ತಡವಾದರೂ ಒಳ್ಳೆಯ ಕೆಲಸ.

ನಮ್ಮ ತೋಟದಲ್ಲಿ ಬಾವಲಿ ಅಡಿಕೆ ಹೆಕ್ಕದವರು ಯಾರಿದ್ದಾರೆ ಹೇಳಿ? ಬಾವಲಿ ಸಿಪ್ಪೆ ಚೀಪಿ ಬೀಳಿಸಿದ ಅಡಿಕೆಯನ್ನು ಬೆಟ್ಟದಲ್ಲಿ ಹುಡುಕಿ ತಂದು ಸಣ್ಣ ಖರ್ಚಿಗೆ ಮಾಡಿಕೊಂಡವರು ನಾವು. ಹುಳ ತಿನ್ನುವ ಬಾವಲಿ ರಾತ್ರಿಯಿಡೀ ಗದ್ದೆ ತೋಟದ ಮೇಲೆ ಹಾರಾಡುತ್ತದೆ. ನಿಪಾ ಸುದ್ದಿ ಬಂದಾಗ ಮಾತ್ರ ನಮಗೆ ಅವುಗಳ ನೆನಪು, ಅದೂ ಓಡಿಸುವುದಕ್ಕೆ. ಓಡಿಸಿದರೆ ಬಾವಲಿ ಇನ್ನಷ್ಟು ಕಡೆ ಚೆದುರುತ್ತದೆ, ಸುಮ್ನೆ ಬಿಟ್ಟರೆ ತನ್ನ ಪಾಡಿಗೆ ಇರುತ್ತದೆ.

ನನಗೆ ಬೇಕಾದದ್ದು ಇಷ್ಟೇ. ಕಾಯ್ದೆಯ ಆ ಸಾಲಿನಲ್ಲಿ ಹಕ್ಕಿಯ ಗೂಡಿನ ಪಕ್ಕ ಬಾವಲಿ ತಂಗುವ ಜಾಗವೂ ಸೇರಲಿ. ಮರಿ ಹಾಕುವ ತಿಂಗಳುಗಳಲ್ಲಿ ಗವಿಯೊಳಗೆ ಯಾರೂ ಹೋಗದಂತೆ ನಿಯಮ ಬರಲಿ. ಗವಿಯಲ್ಲಿ ದೇವರಿದ್ದರೆ ಪೂಜೆ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಯಾಣದಲ್ಲಿ ಶಿವರಾತ್ರಿ ನಡೆಯಲಿ. ಪೂಜೆಗೆ ಹೋದವನು ಪಟಾಕಿ ಎಸೆಯುವುದಿಲ್ಲ ಅಲ್ವಾ?

ದೆಹಲಿಯಲ್ಲಿ ತಿದ್ದುಪಡಿ ಆಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು, ಊರಿನ ಜೀವಿಗಳ ದಾಖಲೆ ಬರೆಯಬೇಕು. ಮಹತ್ವದ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಲು ಅದರಲ್ಲೇ ದಾರಿ ಇದೆ. ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕಕ್ಕೆ ಸಂರಕ್ಷಣಾ ಮೀಸಲು ಪ್ರದೇಶ ಆಗಿದೆಯಲ್ಲ, ಗವಿಗೆ ಯಾಕೆ ಆಗಬಾರದು?

ಮುಂದಿನ ಗ್ರಾಮಸಭೆಗೆ ಅರ್ಜಿ ಬರೆದಿಟ್ಟಿದ್ದೇನೆ. ನಮ್ಮ ಗವಿಯನ್ನು ಆ ದಾಖಲೆಗೆ ಸೇರಿಸಬೇಕು ಎಂದು ಕೇಳುತ್ತೇನೆ. ನಿಮ್ಮ ಬೆಟ್ಟದಲ್ಲೂ ಗವಿ ಇದ್ದರೆ ನೀವೂ ಒಂದು ಅರ್ಜಿ ಕೊಡಿ. ಇಲ್ಲಿ ಕಮೆಂಟಿನಲ್ಲಿ ಮಾತ್ರ ಜಾಗದ ಹೆಸರು ಹಾಕಬೇಡಿ.