ಅರಿಶಿನ ಕುಡಿದ ಜೀಪು

ಜೂನ್ ತಿಂಗಳಲ್ಲಿ, ಆಗುಂಬೆ ಘಾಟಿಯಲ್ಲಿ, ನೀರಿಲ್ಲ ಅಂತ ಒದ್ದಾಡಿದವನು ಬಹುಶಃ ನಾನೊಬ್ಬನೇ. ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಜಾಗ ಅದು. ತಲೆ ಮೇಲೆ ನೀರು, ಕಾಲಡಿ ನೀರು, ಪಕ್ಕದ ಬಂಡೆಯಿಂದಲೂ ನೀರು. ಇಲ್ಲದ್ದು ನಮ್ಮ ರೇಡಿಯೇಟರಿನಲ್ಲಿ ಮಾತ್ರ.

ಉಡುಪಿಯಲ್ಲಿ ನೆಂಟರ ಗೃಹಪ್ರವೇಶ ಮುಗಿಸಿ ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಹೊರಟಿದ್ದೆವು. ಜೀಪು ಅಪ್ಪನ ಕಾಲದ್ದು. 1996ರ ಮಾಡೆಲ್, ಡೀಸೆಲ್. ಸೋಮೇಶ್ವರದಿಂದ ಘಾಟಿ ಹತ್ತುವಾಗ 14 ತಿರುವುಗಳಲ್ಲಿ ಏಳನೆಯದೋ ಎಂಟನೆಯದೋ ಬಂದಿತ್ತು. ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ನಾನು ಮುಳ್ಳುಗಳನ್ನು ಅಷ್ಟಾಗಿ ನಂಬುವವನಲ್ಲ. ಡೀಸೆಲ್ ಮುಳ್ಳು ಹತ್ತು ವರ್ಷದಿಂದ ಅರ್ಧ ಟ್ಯಾಂಕ್ ಅಂತಲೇ ಹೇಳುತ್ತಿದೆ. ಬಾನೆಟ್ ಸಂದಿಯಿಂದ ಬುಸ್ ಅಂತ ಹಬೆ ಬಂದಾಗ ನಂಬಿದೆ.

"ಮುಚ್ಚಳ ತೆಗೀರಿ, ನೀರು ಹಾಕೋಣ" ಎಂದಳು ಹೆಂಡತಿ.

"ವಿಸಿಲ್ ಕೂಗ್ತಿರೋ ಕುಕ್ಕರಿನ ಮುಚ್ಚಳ ತೆಗೀತೀಯಾ ನೀನು?"

ಅವಳಿಗೆ ತಕ್ಷಣ ಅರ್ಥವಾಯಿತು. ಅರ್ಧ ಗಂಟೆ ಕೂತೆವು. ಕಟ್ಟೆ ಮೇಲೆ ಮಂಗಗಳೂ ಸಾಲಾಗಿ ಕೂತು ನಮ್ಮನ್ನೇ ನೋಡಿದವು. ಗಾಡಿಯಲ್ಲಿ ದ್ರವ ಅಂತ ಇದ್ದದ್ದು ಅರ್ಧ ಬಾಟಲಿ ನೀರು ಮತ್ತು ಒಂದು ಕ್ಯಾನ್ ಶಾವಿಗೆ ಪಾಯಸ. "ಪಾಯಸಕ್ಕೆ ಕೈ ಹಾಕಿದ್ರೆ ನೋಡಿ" ಅಂತ ಅವಳು ಕ್ಯಾನನ್ನು ಮಡಿಲಲ್ಲಿ ಇಟ್ಟುಕೊಂಡಳು. ಎಚ್ಚರಿಕೆ ನನಗೋ ಮಂಗಗಳಿಗೋ ಗೊತ್ತಾಗಲಿಲ್ಲ. ಕೊನೆಗೆ ಬಂಡೆಯ ನೀರನ್ನು ಬಾಟಲಿಗೆ ಹಿಡಿದು, ಇಂಜಿನ್ ಚಾಲೂ ಇಟ್ಟು, ನಿಧಾನಕ್ಕೆ ತುಂಬಿಸಿದೆ. ಕೊಡೆ ಹಿಡಿದವಳು ರೇಡಿಯೇಟರಿಗೆ ಹಿಡಿದಿದ್ದಳು, ನನಗಲ್ಲ.

ಮನೆಗೆ ಬಂದ ಮೇಲೆ ಶುರುವಾಯಿತು ಸೋರಿಕೆಯ ಪತ್ತೇದಾರಿಕೆ. ಗಾಡಿ ಕೆಳಗೆ ರಾತ್ರಿ ಪೇಪರ್ ಹಾಸಿಟ್ಟರೆ ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ ಅಂತ ತಿಳಿಯುತ್ತದೆ. ಹಸಿರಾಗಿದ್ದರೆ ಕೂಲೆಂಟ್, ಅಂದರೆ ರೇಡಿಯೇಟರ್ ನೀರಿಗೆ ಬೆರೆಸುವ ದ್ರವ; ಕಪ್ಪಾಗಿದ್ದರೆ ಇಂಜಿನ್ ಆಯಿಲ್. ಇದು ಮಲೆನಾಡಿನ ಆಚೆ ಇರುವವರಿಗೆ ಸರಿ. ನಮ್ಮಲ್ಲಿ ಜೂನ್‌ನಲ್ಲಿ ಒಣಗಿದ ಪೇಪರ್ ಅನ್ನುವುದೇ ಇರುವುದಿಲ್ಲ. ಮೊದಲ ದಿನ ಇರಚಲು ಹೊಡೆದು ಪೇಪರ್ ಅಂಬಲಿಯಾಗಿತ್ತು. ಎರಡನೇ ದಿನ ಜೀಪನ್ನು ಅಡಿಕೆ ಶೆಡ್ಡಿನೊಳಗೆ ನಿಲ್ಲಿಸಿದೆ. ನಾಯಿ ಬಂದು ಪೇಪರ್ ಮೇಲೆ ಮಲಗಿತು. ಕೂಲೆಂಟ್ ಬಾಯಿಗೆ ಸಿಹಿಯಂತೆ, ಆದರೆ ನಾಯಿ ಬೆಕ್ಕುಗಳಿಗೆ ಅದು ವಿಷ. ಹಾಗಾಗಿ ಮೂರನೇ ದಿನ ನಾಯಿಯನ್ನು ಕಟ್ಟಿ ಹಾಕಿದೆ. ಅದು ರಾತ್ರಿಯಿಡೀ ಊಳಿಟ್ಟಿತು. ಬೆಳಿಗ್ಗೆ ಪೇಪರ್ ಒಣಗಿತ್ತು. ಒಂದೇ ಒಂದು ಹನಿ ಇಲ್ಲ! ಆದರೂ ಪೇಟೆಗೆ ಹೋಗಿ ಬಂದರೆ ಅರ್ಧ ಲೀಟರ್ ನೀರು ಮಾಯ.

ಊರಿನ ತಜ್ಞರು ಸುಮ್ನೆ ಇರ್ತಾರಾ? ಭಾವ ಶಿವಮೊಗ್ಗದಿಂದ ಫೋನಿನಲ್ಲೇ ನಾಡಿ ನೋಡಿ "ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಇಳಿಸಿ" ಎಂದರು. ಇಂಜಿನ್ನಿನೊಳಗೆ ನೀರು, ಆಯಿಲ್, ಹೊಗೆ ಒಂದಕ್ಕೊಂದು ಸೇರದ ಹಾಗೆ ತಡೆಯುವ ಪಟ್ಟಿ ಅದು. ಹೊಟ್ಟೆನೋವು ಅಂದ ಕೂಡಲೇ ಆಪರೇಷನ್ ಅನ್ನುವವರು ಇರುತ್ತಾರಲ್ಲ, ಹಾಗೆ. ಆಯಿಲ್ ಅಳೆಯುವ ಕಡ್ಡಿ, ಡಿಪ್ ಸ್ಟಿಕ್, ಎಳೆದು ನೋಡಿದೆ. ನೀರು ಸೇರಿದ ಆಯಿಲ್ ಹಾಲು ಜಾಸ್ತಿಯಾದ ಕಾಫಿಯ ಹಾಗೆ ಕಾಣುತ್ತದೆ. ನಮ್ಮದು ಅಪ್ಪಟ ಕಪ್ಪು. ತಣ್ಣಗಿದ್ದಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದೆ. ಗುಳ್ಳೆ ಏಳಲಿಲ್ಲ. "ಬಿಳಿ ಹೊಗೆ ಬರ್ತಿದೆಯಾ?" ಅಂತ ಭಾವ ಪಟ್ಟು ಬಿಡಲಿಲ್ಲ. ಆ ಚಳಿಯಲ್ಲಿ ನನ್ನ ಬಾಯಿಂದಲೂ ಬಿಳಿ ಹೊಗೆ ಬರುತ್ತಿತ್ತು. ನನ್ನ ಗ್ಯಾಸ್ಕೆಟ್ ಸರಿ ಇದೆ ಅಂದುಕೊಂಡಿದ್ದೇನೆ.

ಮಾವನದು ಮನೆಮದ್ದು. "ಗಾಯಕ್ಕೆ ಏನು ಹಾಕ್ತೀರಿ? ಅರಿಶಿನ ಅಲ್ವಾ? ಎರಡು ಚಮಚ ರೇಡಿಯೇಟರಿಗೆ ಹಾಕಿ." ಇದು ಅವರ ಕಲ್ಪನೆಯಲ್ಲ. ಹಳೇ ಲಾರಿ ಡ್ರೈವರುಗಳು ನಿಜಕ್ಕೂ ಮಾಡುತ್ತಿದ್ದರು. ಪುಡಿ ನೀರಿನಲ್ಲಿ ಉಬ್ಬಿ, ಸಣ್ಣ ಬಿರುಕಿಗೆ ಹೋಗಿ ಕೂರುತ್ತದೆ. ಬಿರುಕು ಯಾವುದು, ರೇಡಿಯೇಟರಿನ ಸಣ್ಣ ಕೊಳವೆ ಯಾವುದು ಅಂತ ಅದಕ್ಕೆ ಗೊತ್ತಿರುವುದಿಲ್ಲ, ಅಷ್ಟೇ. ಎರಡು ಚಮಚದಿಂದ ಆಗುವುದು ನಾಲ್ಕು ಚಮಚದಿಂದ ಇನ್ನೂ ಚೆನ್ನಾಗಿ ಆಗುತ್ತದೆ ಅಂತ ನಾನು ನಾಲ್ಕು ಹಾಕಿದೆ. ಮೂರು ದಿನ ಒಂದು ತೊಟ್ಟೂ ಕಡಿಮೆಯಾಗಲಿಲ್ಲ. ಮಾವ ಬಂದವರಿಗೆಲ್ಲ ಹೇಳಿಕೊಂಡರು. ನಾಲ್ಕನೇ ದಿನ ಸಂತೆಗೆ ಹೋಗುವ ದಾರಿಯಲ್ಲಿ ಮುಳ್ಳು ಮತ್ತೆ ಕೆಂಪಿಗೆ ಹೋಯಿತು. ಈ ಸಲದ ಹಬೆಗೆ ಅಡುಗೆಮನೆ ವಾಸನೆ ಇತ್ತು.

ಮೆಕ್ಯಾನಿಕ್ ಮುಚ್ಚಳ ತೆಗೆದು ಒಳಗೆ ನೋಡಿದ. ಬಗ್ಗಿ ಮೂಸಿದ. "ಗೌಡ್ರೇ, ಬೇಳೆ ಹಾಕೋದು ಮರೆತಿದೀರಾ?"

ನಾನು ಮಾವನ ಹೆಸರು ಹೇಳಿದೆ. ಮನೆಯ ಅಳಿಯನಾಗಿ ನನಗೂ ಕೆಲವು ಹಕ್ಕುಗಳಿವೆ.

ರೇಡಿಯೇಟರ್ ಬಿಚ್ಚಿ, ಪೈಪಿನಿಂದ ನೀರು ಬಿಟ್ಟು, ಆ ಹಳದಿಯೆಲ್ಲ ಹೋಗುವವರೆಗೆ ತೊಳೆದು ಮತ್ತೆ ಕೂರಿಸುವಷ್ಟರಲ್ಲಿ ಅರ್ಧ ದಿನ ಹೋಯಿತು. ಆಮೇಲೆ ಅವನು ಸೈಕಲ್ ಪಂಪಿನಂಥ ಒಂದು ಸಾಮಾನು ತಂದ. ಒಂದು ಕೈಪಂಪು, ಒಂದು ಮೀಟರು. ರೇಡಿಯೇಟರ್ ಮುಚ್ಚಳದ ಜಾಗಕ್ಕೆ ಅದನ್ನು ಕೂರಿಸಿ ಗಾಳಿ ಹೊಡೆದ. ನಮ್ಮ ಮುಚ್ಚಳದ ಮೇಲೆ 13 ಅಂತ ಬರೆದಿದೆ. ಅಂದರೆ ಚದರ ಇಂಚಿಗೆ 13 ಪೌಂಡ್ ಒತ್ತಡವನ್ನು ಅದು ಒಳಗೇ ಹಿಡಿದಿಡುತ್ತದೆ. ಆ ಒತ್ತಡದಲ್ಲಿ ನೀರು ಕುದಿಯಲು ಹೆಚ್ಚುಕಡಿಮೆ 120 ಡಿಗ್ರಿ ಬೇಕು. ನಿಂತು ತಣ್ಣಗಾದ ಗಾಡಿಯಲ್ಲಿ ಒತ್ತಡವೇ ಇಲ್ಲ. ಹಾಗಾಗಿ ನನ್ನ ಪೇಪರ್ ಒಣಗಿತ್ತು. ನಾಯಿಯನ್ನು ಸುಮ್ನೆ ಕಟ್ಟಿ ಹಾಕಿದ ಹಾಗಾಯಿತು.

ಮೀಟರಿನ ಮುಳ್ಳು 13ರಲ್ಲಿ ನಿಂತು, ಸ್ವಲ್ಪ ಹೊತ್ತಿಗೆ 12, ಆಮೇಲೆ 10. ಎಲ್ಲೋ ಹೋಗುತ್ತಿದೆ. ಅವನು ಹಲ್ಲಿನ ಡಾಕ್ಟರ ಹತ್ತಿರ ಇರುವಂಥ ಪುಟ್ಟ ಕನ್ನಡಿ ಮತ್ತು ಟಾರ್ಚ್ ಹಿಡಿದು ಫ್ಯಾನಿನ ಹಿಂದೆ ಇಣುಕಿದ. "ಬನ್ನಿ, ನೋಡಿ" ಎಂದ.

ಕನ್ನಡಿಯಲ್ಲಿ ವಾಟರ್ ಪಂಪಿನ ಹೊಟ್ಟೆ ಕಂಡಿತು. ಮೆಕ್ಯಾನಿಕರೆಲ್ಲ ಅದಕ್ಕೆ ವಾಟರ್ ಬಾಡಿ ಅನ್ನುತ್ತಾರೆ. ತಳದಲ್ಲಿ ಕಡಲೆಕಾಳಿನಷ್ಟು ಬೂದು ಬಣ್ಣದ ಗಂಟು. ಅದರ ಸುತ್ತ ಉಪ್ಪು ಕಟ್ಟಿದ ಹಾಗೆ ಬಿಳಿ ಕಲೆ. ಗಂಟಿನ ಅಂಚಿನಲ್ಲಿ ಒಂದು ಹನಿ, ಬೀಳಲೋ ಬೇಡವೋ ಅಂತ ನಡುಗುತ್ತಾ ನಿಂತಿತ್ತು. ಗಾಡಿ ಓಡುವಾಗ ಅದೇ ಹನಿಯನ್ನು ಫ್ಯಾನ್ ಗಾಳಿ ಬಿಸಿ ಇಂಜಿನ್ ಮೇಲೆ ಎರಚುತ್ತದೆ. ಬಿದ್ದಲ್ಲೇ ಆವಿ. ಸಾಕ್ಷಿ ಎಲ್ಲಿಂದ ಸಿಗಬೇಕು?

"ಇಲ್ಲೊಂದು ತೂತು ಇರತ್ತೆ ಗೌಡ್ರೇ. ಕಂಪನಿಯವರೇ ಇಟ್ಟಿರೋದು. ಒಳಗಿನ ಸೀಲ್ ಹೋದ್ರೆ ನೀರು ಬೇರಿಂಗಿಗೆ ನುಗ್ಗದೆ ಇಲ್ಲಿಂದ ಹೊರಗೆ ಬರಲಿ, ನಮಗೂ ಗೊತ್ತಾಗಲಿ ಅಂತ. ಯಾರೋ ಬುದ್ಧಿವಂತರು ಇದಕ್ಕೆ ಎಂ-ಸೀಲ್ ಮೆತ್ತಿದಾರೆ. ಈಗ ಬೇರಿಂಗೂ ಹೋಗಿದೆ."

ಎರಡು ವರ್ಷದ ಹಿಂದೆ ಒಂದು ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ಆ ತೂತಿನಿಂದ ಒಂದು ತೊಟ್ಟು ನೀರು ಬಿದ್ದದ್ದು, ನಾನು ಎಂ-ಸೀಲ್ ಕಲಸಿದ್ದು, "ಮೆಕ್ಯಾನಿಕ್ಕಿಗೆ ಕೊಡೋ ದುಡ್ಡು ಉಳೀತು" ಅಂತ ಮನೆಯಲ್ಲಿ ಎರಡು ಸಲ ಹೇಳಿದ್ದು.

"ಹಿಂದೆ ಯಾರೋ ಮೆಕ್ಯಾನಿಕ್ ಮಾಡಿರಬೇಕು" ಎಂದೆ.

ಅವನು ಕನ್ನಡಿ ಒರೆಸಿ ಜೇಬಿಗೆ ಹಾಕಿಕೊಂಡ. "ನಿಮ್ಮ ಅಪ್ಪಾರ ಕಾಲದಿಂದ ಈ ಜೀಪಿಗೆ ಮೆಕ್ಯಾನಿಕ್ ನಾನೊಬ್ನೇ."

ಹೆಂಡತಿ ರಸ್ತೆ ಕಡೆ ತಿರುಗಿ ನಿಂತಳು. ಅವಳ ಭುಜ ಕುಣಿಯುತ್ತಿತ್ತು.

ಸಂಜೆ ಹೊಸ ಪಂಪು ಕೂತಿತು. ಅರ್ಧ ಕೂಲೆಂಟ್, ಅರ್ಧ ನೀರು ಹಾಕಿ ಮತ್ತೆ ಗಾಳಿ ಹೊಡೆದಾಗ ಮುಳ್ಳು 13 ಬಿಟ್ಟು ಅಲ್ಲಾಡಲಿಲ್ಲ. ಬಿಲ್ಲಿನ ಜೊತೆ ಹಳೇ ಪಂಪನ್ನೂ ಒಂದು ಪೇಪರಿನಲ್ಲಿ ಸುತ್ತಿ ಕೊಟ್ಟ. ದಾರಿಯಲ್ಲಿ ಹೆಂಡತಿ ಅದನ್ನು ಬಿಚ್ಚಿ ನೋಡಿದಳು. ಒಣಗಿ ಕಲ್ಲಾದ ಎಂ-ಸೀಲಿನ ಮೇಲೆ ಒಂದು ಹೆಬ್ಬೆಟ್ಟಿನ ಗುರುತು, ಗೆರೆಗೆರೆಯಾಗಿ, ಪತ್ರಕ್ಕೆ ಒತ್ತಿದಷ್ಟು ಸ್ಪಷ್ಟವಾಗಿ ಮೂಡಿತ್ತು.

"ರೀ, ಸ್ವಲ್ಪ ಕೈ ತೋರ್ಸಿ" ಎಂದಳು.