ಖಾಲಿ ಲೋಟದ ಕ್ರಿಸ್‌ಮಸ್

ಟಿವಿಯಲ್ಲಿ ಬರುತ್ತಿದ್ದ ಕ್ರಿಸ್‌ಮಸ್ ಚಿತ್ರದ ನಾಯಕಿಯ ಕೈಯಲ್ಲಿದ್ದ ಕಾಗದದ ಲೋಟದಲ್ಲಿ ಕಾಫಿ ಇರಲಿಲ್ಲ. ಮುಚ್ಚಳ ಬಿಗಿದ ಲೋಟದೊಳಗೆ ಏನಿದೆಯೆಂದು ನಿಮಗೆ ಹೇಗೆ ಕಾಣಿಸಿತು ಎಂದು ನನ್ನ ಹೆಂಡತಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಲೇ ಕೇಳಿದಳು. ಬಿಸಿ ಕಾಫಿ ಹಿಡಿದವರು ಯಾರೂ ಅದೇ ಕೈಯನ್ನು ಬೀಸುತ್ತ ಹಿಮದ ಮೇಲೆ ಓಡಿಹೋಗಿ ಬಾಲ್ಯದ ಗೆಳೆಯನನ್ನು ತಬ್ಬಿಕೊಳ್ಳುವುದಿಲ್ಲ ಎಂದು ನಾನು ವಿವರಿಸಿದೆ. ‘ಅಷ್ಟು ಕಷ್ಟವಾದರೆ ಚಾನೆಲ್ ಬದಲಾಯಿಸಿ’ ಎಂದಳು. ರಿಮೋಟ್ ನನ್ನ ತೊಡೆಯ ಮೇಲೆಯೇ ಇತ್ತು. ನಾನು ಬದಲಾಯಿಸಲಿಲ್ಲ. ಏಕೆ ಬದಲಾಯಿಸಲಿಲ್ಲ ಎಂಬುದನ್ನು ಹೇಳುವುದಕ್ಕೆಂದೇ ಬರೆಯಲು ಕುಳಿತಿದ್ದೇನೆ, ಹೇಳುತ್ತೇನೆ.

ಒಹಾಯೊ ರಾಜ್ಯದಲ್ಲಿರುವ ಮಗಳ ಮನೆಗೆ ನಾವು ಬಂದಿಳಿದದ್ದು ಅಕ್ಟೋಬರ್ ತಿಂಗಳಿನಲ್ಲಿ. ನೆರೆಮನೆಯ ಮೆಟ್ಟಿಲ ಮೇಲಿನ ಹ್ಯಾಲೊವೀನ್ ಕುಂಬಳಕಾಯಿ ಇನ್ನೂ ಕೊಳೆತಿರಲಿಲ್ಲ, ಅಷ್ಟರಲ್ಲಿಯೇ ಹಾಲ್‌ಮಾರ್ಕ್ ಎಂಬ ಇಲ್ಲಿನ ಟಿವಿ ಚಾನೆಲ್ಲಿನಲ್ಲಿ ಕ್ರಿಸ್‌ಮಸ್ ಬಂದುಬಿಟ್ಟಿತ್ತು, ಅಂದರೆ ಕ್ರಿಸ್‌ಮಸ್ ಪ್ರಣಯದ ಚಿತ್ರಗಳು ಶುರುವಾಗಿದ್ದವು. 2009ರಿಂದ ಆ ಚಾನೆಲ್ ಪ್ರತಿವರ್ಷವೂ ಹೀಗೆ ಹಬ್ಬಕ್ಕೆ ದಿನ ಎಣಿಸುತ್ತ ಬಂದಿದೆ. ಅದೂ ಸಾಲದೆಂಬಂತೆ ಜುಲೈ ತಿಂಗಳ ಬಿಸಿಲಿನಲ್ಲಿಯೂ ಒಂದು ಸುತ್ತು ಕ್ರಿಸ್‌ಮಸ್ ಆಚರಿಸುತ್ತದೆ. ಇದರ ಮೂಲ ಸಂಸ್ಥೆ 1910ರಲ್ಲಿ ಮಿಸ್ಸೌರಿಯ ಕಾನ್ಸಾಸ್ ಸಿಟಿಯಲ್ಲಿ ಅಂಚೆಕಾರ್ಡುಗಳ ಮಾರಾಟದಿಂದ ಆರಂಭವಾಗಿ ಶುಭಾಶಯ ಪತ್ರಗಳಿಂದ ಬೆಳೆದದ್ದು ಎಂದು ತಿಳಿದಾಗ ನನಗೆ ಅರ್ಧ ಸಮಾಧಾನವಾಯಿತು. ಒಳಗೆ ಏನು ಬರೆದಿದ್ದಾರೋ ಎಂಬ ಕುತೂಹಲದಿಂದ ಶುಭಾಶಯ ಪತ್ರವನ್ನು ತೆರೆದವರನ್ನು ನಾನು ಈವರೆಗೆ ಕಂಡಿಲ್ಲ.

ಈ ಚಿತ್ರಗಳ ಸಮಯಪಾಲನೆಯನ್ನಂತೂ ಮೆಚ್ಚಲೇಬೇಕು. ಜಾಹೀರಾತುಗಳೂ ಸೇರಿ ಸರಿಯಾಗಿ ಎರಡು ಗಂಟೆ. ಸಂಜೆ ಆರಕ್ಕೆ ಆರಂಭವಾದದ್ದರಲ್ಲಿ, ಏಳೂವರೆಯ ಸುಮಾರಿಗೆ ಯಾರೋ ಅರ್ಧ ಕೇಳಿಸಿಕೊಂಡ ಮಾತಿನಿಂದ ವಿರಸ ಹುಟ್ಟುತ್ತದೆ. ಎಂಟಕ್ಕೆ ಐದು ನಿಮಿಷವಿರುವಾಗ ಹಿಮ ಉದುರುತ್ತದೆ, ಮುತ್ತು ಕೊಡುತ್ತಾರೆ. ನನ್ನ ಹೆಂಡತಿ ಗಡಿಯಾರ ನೋಡುವುದನ್ನೇ ಬಿಟ್ಟಿದ್ದಾಳೆ. ವಿರಸ ಶುರುವಾದ ಕೂಡಲೇ ಎದ್ದು ಅಕ್ಕಿ ತೊಳೆದು ಕುಕ್ಕರ್ ಇಡುತ್ತಾಳೆ, ಅದು ಮೂರನೆಯ ಸಲ ಕೂಗುವ ಹೊತ್ತಿಗೆ ಇಲ್ಲಿಯೂ ಎಲ್ಲ ಬೆಂದು ಹದವಾಗಿರುತ್ತದೆ.

ನನ್ನ ಸಹಾನುಭೂತಿ ಇರುವುದು ನಾಯಕಿ ನಗರದಲ್ಲಿ ಬಿಟ್ಟುಬರುವ ಆ ಮೊದಲನೆಯ ವರನ ಮೇಲೆ. ಅವನು ಮಾಡಿದ ಅಪರಾಧವೆಂದರೆ ಊಟದ ನಡುವೆ ಕಚೇರಿಯಿಂದ ಬಂದ ಫೋನನ್ನು ತೆಗೆದುಕೊಂಡದ್ದು. ಮೂವತ್ತು ನಾಲ್ಕು ವರ್ಷ ಒಂದೇ ಕಚೇರಿಯಲ್ಲಿ ಲೆಕ್ಕಪತ್ರ ನೋಡಿದ ನಾನು, ಮಾರ್ಚ್ ತಿಂಗಳಲ್ಲಿ ಅಂತಹ ಎಷ್ಟು ಊಟಗಳ ನಡುವೆ ಎದ್ದುಹೋಗಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಅತ್ತ ಹಳ್ಳಿಯಲ್ಲಿರುವ ನಾಯಕನಿಗೆ ಕ್ರಿಸ್‌ಮಸ್ ಮರಗಳ ತೋಟವಿರುತ್ತದೆ. ಹಬ್ಬಕ್ಕೆ ಎರಡು ದಿನವಿರುವಾಗಲೂ ಅಲ್ಲಿ ಒಬ್ಬ ಗಿರಾಕಿ ಸುಳಿಯುವುದಿಲ್ಲ. ಅವನಿಗೆ ಸಾಲ ಕೊಟ್ಟ ಬ್ಯಾಂಕಿನವರ ಗತಿಯೇನು ಎಂದು ನಾನೊಬ್ಬನೇ ಯೋಚಿಸುತ್ತ ಕುಳಿತಿರುತ್ತೇನೆ.

ಲೋಟದ ವಿಷಯಕ್ಕೆ ಬರುತ್ತೇನೆ. ಖಾಲಿ ಲೋಟದ ಬಗ್ಗೆ ಮಾತನಾಡುವ ಅಧಿಕಾರ ನನಗೆ ಪುಕ್ಕಟೆಯಾಗಿ ಬಂದದ್ದಲ್ಲ. ಶಿವಮೊಗ್ಗದಲ್ಲಿದ್ದಾಗ ನಮ್ಮ ಕಚೇರಿಯ ರಾಜ್ಯೋತ್ಸವ ನಾಟಕದಲ್ಲಿ ನನಗೆ ವಧುವಿನ ತಂದೆಯ ಪಾತ್ರ ಸಿಕ್ಕಿತ್ತು. ಹೆಣ್ಣು ನೋಡುವ ದೃಶ್ಯ. ಎಲ್ಲರೂ ಕಾಫಿ ಕುಡಿಯಬೇಕು. ವೇದಿಕೆಗೆ ಹಾಸಿದ್ದ ಜಮಖಾನ ಎರವಲು ತಂದದ್ದಾದ್ದರಿಂದ ಒಂದು ತೊಟ್ಟೂ ಬೀಳಕೂಡದೆಂದು ನಿರ್ದೇಶಕರು ಲೋಟಗಳನ್ನು ಖಾಲಿಯಾಗಿಯೇ ಕೊಡಿಸಿದರು. ಆದರೆ ಅವರು ನನ್ನನ್ನು ಪಕ್ಕಕ್ಕೆ ಕರೆದು, ‘ರಾಯರೇ, ಕಾಫಿಯ ಭಾರ ನಿಮ್ಮ ಮಣಿಕಟ್ಟಿನಲ್ಲಿ ಕಾಣಬೇಕು’ ಎಂದಿದ್ದರು. ಆ ಮಾತನ್ನು ನಾನು ಮನಸ್ಸಿಗೆ ಹಚ್ಚಿಕೊಂಡೆ. ಎಂಟು ದಿನ ಮನೆಯ ಪಡಸಾಲೆಯಲ್ಲಿ ಖಾಲಿ ಸ್ಟೀಲ್ ಲೋಟ ಹಿಡಿದು ಅಭ್ಯಾಸ ಮಾಡಿದೆ. ಅಮ್ಮ ಅದನ್ನು ಕಂಡಾಗಲೆಲ್ಲ, ಮಗ ಬಾಯಿಬಿಟ್ಟು ಕೇಳಲಾರದೆ ನಿಂತಿದ್ದಾನೆಂದು ಕಾಫಿ ತುಂಬಿಸುತ್ತಿದ್ದಳು, ರಾತ್ರಿ ನಿದ್ದೆ ಬರುತ್ತಿರಲಿಲ್ಲ. ನಾಟಕದ ದಿನ ನಾನು ಲೋಟದ ಅಂಚನ್ನು ಎರಡು ಬೆರಳುಗಳಲ್ಲಿ ಹಿಡಿದು, ಬಿಸಿ ತಾಳದೆ ಕೈ ಬದಲಾಯಿಸಿ, ಬಟ್ಟಲಿಗೆ ಒಂದು ಗೇಣಿನ ಎತ್ತರದಿಂದ ಎರೆದು, ಊದಿ, ಗುಟುಕರಿಸಿ, ಕೊನೆಗೆ ತಳದಲ್ಲಿ ಉಳಿದ ಸಕ್ಕರೆಯನ್ನು ಲೋಟ ತಿರುಗಿಸಿ ತಿರುಗಿಸಿ ಕುಡಿದೆ. ಅಷ್ಟರಲ್ಲಿ ನನ್ನ ಮಾತು ಮರೆತುಹೋಗಿ, ವರದಕ್ಷಿಣೆಯ ಪ್ರಸ್ತಾಪವನ್ನು ವರನ ಚಿಕ್ಕಪ್ಪನೇ ಮಾಡಿ ತಾನೇ ಉತ್ತರಿಸಿಕೊಳ್ಳಬೇಕಾಯಿತೆಂಬುದು ಬೇರೆ ಮಾತು. ಪರದೆ ಬಿದ್ದ ಮೇಲೆ ಮುಂದಿನ ಸಾಲಿನಲ್ಲಿದ್ದ ಹಿರಿಯ ಗುಮಾಸ್ತರೊಬ್ಬರು ಬಂದು, ಕಾಫಿ ತರಿಸುವುದಾದರೆ ಎಲ್ಲರಿಗೂ ತರಿಸಬೇಕಿತ್ತು ಎಂದು ಮುನಿಸಿಕೊಂಡು, ಸಂಕ್ರಾಂತಿಯ ಎಳ್ಳು ಕೊಡುವವರೆಗೆ ನನ್ನೊಡನೆ ಮಾತು ಬಿಟ್ಟರು. ನನ್ನ ಜೀವನದಲ್ಲಿ ಅದಕ್ಕಿಂತ ದೊಡ್ಡ ವಿಮರ್ಶೆ ಮತ್ತೆ ಸಿಗಲಿಲ್ಲ. ಮೊದಲ ಬಹುಮಾನ ಮಾತ್ರ ವಧುವಿನ ಪಾತ್ರ ಮಾಡಿ ಬರೀ ಅತ್ತವರಿಗೆ ಹೋಯಿತು.

ಹಾಗಿರುವಾಗ ಈ ನಟ ನಟಿಯರನ್ನು ನಾನು ಹೇಗೆ ಕ್ಷಮಿಸಲಿ? ಈ ಚಿತ್ರಗಳಲ್ಲಿ ಎಷ್ಟೋ ಕೆನಡಾದ ವ್ಯಾಂಕೂವರ್ ಸುತ್ತಮುತ್ತ ಬೇಸಿಗೆಯಲ್ಲಿಯೇ ತಯಾರಾಗುತ್ತವೆ. ಅಲ್ಲಿ ನೆಲದ ಮೇಲಿರುವ ಹಿಮ ಕಾಗದದ ಚೂರು, ನೊರೆ, ಬಿಳಿ ಹೊದಿಕೆಗಳಿಂದ ಆದದ್ದು. ಅದಕ್ಕೆ ನನ್ನ ತಕರಾರಿಲ್ಲ. ಸೆಕೆಯಲ್ಲಿ ಉಣ್ಣೆಯ ಕೋಟು ತೊಟ್ಟು, ಬೆವರು ತೋರದಂತೆ ನಡುಗುವುದು ಸಣ್ಣ ವಿದ್ಯೆಯಲ್ಲ. ಆದರೆ ಇಡೀ ಒಂದು ಬೀದಿಗೆ ಹಿಮ ಹಾಸಬಲ್ಲವರು ಒಂದು ಲೋಟಕ್ಕೆ ಅರ್ಧದಷ್ಟು ನೀರು ತುಂಬಿಸಲಾರರೇ? ಅವರಿಗೂ ಎರವಲು ಜಮಖಾನದ ಭಯವೇ ಇರಬಹುದು.

ಕಥೆ ಗೊತ್ತಿದ್ದೂ ನೋಡುವುದನ್ನು ಸಮರ್ಥಿಸಲು ನಮ್ಮವರು ಕೂಡಲೇ ಯಕ್ಷಗಾನವನ್ನು ಎಳೆದುತರುತ್ತಾರೆ. ನಾನು ತರುವುದಿಲ್ಲ. ತಾಳಮದ್ದಳೆಯಲ್ಲಿ ವಾಲಿ ಸಾಯುವುದು ಎಲ್ಲರಿಗೂ ಗೊತ್ತು. ಆದರೆ ಸಾಯುವ ಮುಂಚೆ ಇಂದು ಅವನು ರಾಮನನ್ನು ಏನು ಕೇಳುತ್ತಾನೆಂಬುದು ಯಾರಿಗೂ ಗೊತ್ತಿರುವುದಿಲ್ಲ. ಇಲ್ಲಿ ಅದೂ ಗೊತ್ತಿರುತ್ತದೆ. ಹಾಗೆಂದು ನೋಡುವವರನ್ನು ಯಾರಾದರೂ ಗೇಲಿ ಮಾಡಿದರೆ ನನಗೆ ಸಹಿಸಲಾಗುವುದಿಲ್ಲ. 2017ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್, ರಾಜಕುಮಾರನೊಬ್ಬನ ಕ್ರಿಸ್‌ಮಸ್ ಪ್ರಣಯದ ಚಿತ್ರವನ್ನು ಹದಿನೆಂಟು ದಿನ ಬಿಡದೆ ದಿನಕ್ಕೊಮ್ಮೆ ನೋಡಿದ 53 ಮಂದಿಯನ್ನು ಉದ್ದೇಶಿಸಿ, ನಿಮ್ಮ ಮನಸ್ಸನ್ನು ನೋಯಿಸಿದವರು ಯಾರು ಎಂದು ಟ್ವಿಟರ್‌ನಲ್ಲಿ ಎಲ್ಲರೆದುರು ಕೇಳಿತ್ತು. ಯಾರಾದರೇನು? ಮಿಠಾಯಿ ಅಂಗಡಿಯವನು ದಿನಾ ಬರುವ ಗಿರಾಕಿಗೆ, ನಿನಗೇನು ಮನೆಯಲ್ಲಿ ಅನ್ನ ಹಾಕುವುದಿಲ್ಲವೇ ಎಂದು ಕೇಳಿದಂತಾಯಿತು.

ನಿನ್ನೆ ಮಗಳೂ ಅದನ್ನೇ ಕೇಳಿದಳು. ‘ಅಪ್ಪಾ, ಎಲ್ಲ ಗೊತ್ತಿದ್ದೂ ಯಾಕೆ ನೋಡ್ತೀಯ?’ ಒಳ್ಳೆಯ ಪ್ರಶ್ನೆಯೆಂದು ಕನ್ನಡಕ ತೆಗೆದು ಒರೆಸಿಕೊಂಡು ಉತ್ತರಿಸಲು ಸಿದ್ಧನಾದೆ. ಅಷ್ಟರಲ್ಲಿ ನಾಯಕ ಎರಡು ಲೋಟ ಹಿಡಿದು ತೋಟದಿಂದ ಬಂದ. ಒಂದನ್ನು ನಾಯಕಿಯ ಕೈಗಿತ್ತಾಗ ಅವಳ ಮಣಿಕಟ್ಟು ಕೂದಲೆಳೆಯಷ್ಟು ಕುಸಿದಂತೆ ಕಂಡಿತು. ‘ತಡಿ, ತಡಿ’ ಎಂದು ಮಗಳಿಗೆ ಕೈಸನ್ನೆ ಮಾಡಿ, ಕನ್ನಡಕ ಏರಿಸಿಕೊಂಡು ಸೋಫಾದ ತುದಿಗೆ ಸರಿದೆ. ಒಳಗೆ ಕುಕ್ಕರ್ ಎರಡನೆಯ ಸಲ ಕೂಗಿತು.